ಡಬ್ಬಿಯ ಮೇಲಿನ ಅಕ್ಷರ

ಓರಗಿತ್ತಿಯ ಅಡುಗೆಮನೆಯಲ್ಲಿ ಒಂಬತ್ತು ಗಾಜಿನ ಡಬ್ಬಿಗಳಿದ್ದವು. ಒಂಬತ್ತರ ಮೇಲೂ ಚೀಟಿ ಅಂಟಿಸಿತ್ತು: ಸಕ್ಕರೆ, ಉಪ್ಪು, ಕಾಫಿಪುಡಿ, ಮೆಣಸು, ಹೀಗೆ. ಹಿರಿಸೊಸೆ ಯಾವ ನೆಪದಲ್ಲಿ ಮಹಡಿ ಹತ್ತಿ ಹೋದರೂ ಕಣ್ಣು ಮೊದಲು ಓಡುತ್ತಿದ್ದುದು ಆ ಡಬ್ಬಿಗಳ ಕಡೆಗೇ. ಎಂಟು ವರ್ಷದ ಮಗು ಬರೆದದ್ದು ಎಂದರೆ ಯಾರೂ ನಂಬಲಾರರು. ಕೆಳಗೊಂದು ಗೆರೆಯಿಲ್ಲ, ಆದರೂ ಸಾಲು ಜಾರಿಲ್ಲ. ಕೊಂಬುಗಳು ಸಲೀಸಾಗಿ ಇಳಿದು, ತುದಿಯಲ್ಲಿ ಒಂದಿಷ್ಟು ಬಾಲ ತಿರುಗಿಸಿ ನಿಂತಿದ್ದವು. ನೋಡಿದಷ್ಟೂ ಅವಳ ಹೊಟ್ಟೆ ಉರಿಯುತ್ತಿತ್ತು. ಇದಕ್ಕೆ ಹೊಟ್ಟೆಕಿಚ್ಚು ಅನ್ನದೆ ಬೇರೆ ನಯವಾದ ಹೆಸರು ಇಡುವುದು ಬೇಡ, ಅವಳೂ ಇಡುತ್ತಿರಲಿಲ್ಲ.

ಅದರಲ್ಲೂ ಅನ್ಯಾಯ ಯಾವುದೆಂದರೆ, ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸೋಣ ಎಂದು ಮೊದಲು ಹೇಳಿದವಳು ಅವಳು. ಮದುವೆಗೆ ಮುಂಚೆ ಆರು ವರ್ಷ ಟೀಚರಾಗಿದ್ದವಳು, ಪಾಠ ಹೇಳುವುದು ಹೇಗೆಂದು ಬಲ್ಲವಳು. ಮಹಡಿಯ ಮನೆಯ ಕಿರಿಸೊಸೆ, 'ಹಾಗಾದ್ರೆ ನಮ್ಮ ಗುಬ್ಬಿಗೂ ಮನೇಲೇ ಆಗ್ಲಿ ಅಕ್ಕಾ' ಎಂದು ಹಿಂದಿನಿಂದ ಬಂದು ಸೇರಿಕೊಂಡವಳು. ಬಂದವಳು ಹೇಳಿದ ಹಾಗಾದರೂ ಕೇಳಬಾರದೇ? ಕೈಬರಹಕ್ಕೆ ಒಂದು ಕ್ರಮ ಬೇಕು, ಅಕ್ಷರದಿಂದ ಅಕ್ಷರಕ್ಕೆ ಹೋಗುವ ಕಾಪಿ ಪುಸ್ತಕ ಬೇಕು, ದಿನಕ್ಕೆ ಎರಡು ಪುಟ ಬರೆಸಲೇಬೇಕು ಎಂದು ಹಿರಿಯವಳು ಬಿಡಿಸಿ ಬಿಡಿಸಿ ಹೇಳಿದ್ದಳು. ಕಿರಿಯವಳು ಎಲ್ಲವನ್ನೂ ನಗುನಗುತ್ತಾ ಕೇಳಿ, ಬರೆಯುವ ಕೆಲಸ ಬಿದ್ದರೆ ಮಗು ತಾನೇ ಬರೆಯುತ್ತದೆ ಎಂದು ಕೈ ತೊಳೆದುಕೊಂಡಿದ್ದಳು. ಕ್ರಮವಿಲ್ಲದ ಆ ಮನೆಯಲ್ಲಿ ಅಂಥ ಅಕ್ಷರ ಹುಟ್ಟಿಬಿಟ್ಟಿತ್ತು.

ಹಿರಿಯವಳ ಮಗಳು ಪುಟ್ಟಿ ದಿನಾ ಎರಡು ಪುಟ ತುಂಬಿಸುತ್ತಿದ್ದಳು. ಹತ್ತರಿಂದ ಹನ್ನೆರಡರವರೆಗೆ ಮಾವನ ಅಂಗಡಿಯಲ್ಲಿ ಹಿರಿಸೊಸೆಯ ಪಾಳಿ. ಆ ಹೊತ್ತಿನಲ್ಲಿ ಕಿರಿಯವಳ ಕಣ್ಗಾವಲಿನಲ್ಲಿ ಮಕ್ಕಳಿಬ್ಬರೂ ಮೇಲೆ ಕೆಳಗೆ ಓಡಾಡಿಕೊಂಡು ತಮ್ಮ ಬರವಣಿಗೆ ಮುಗಿಸಬೇಕು. ಹನ್ನೆರಡಕ್ಕೆ ಅವಳು ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ ಮಾತು ಒಂದೇ, ಪುಟ ತುಂಬಿತಾ ಎಂದು. ತುಂಬಿರುತ್ತಿತ್ತು. ದುಂಡಗೆ, ನೆಟ್ಟಗೆ, ಜೋಡಿ ಗೆರೆಗಳ ನಡುವೆ ಒಂದಕ್ಷರವೂ ಅತ್ತಿತ್ತ ಮಿಸುಕದೆ ಕೂತಿರುತ್ತಿತ್ತು. ಅವಳು ಪುಟದ ಮೂಲೆಗೆ ಒಂದು ಬಂಗಾರದ ಬಣ್ಣದ ನಕ್ಷತ್ರ ಅಂಟಿಸುತ್ತಿದ್ದಳು. ತಿಂಗಳಿಂದ ತಿಂಗಳಿಗೆ ಕೈ ಪಳಗುತ್ತಾ ಬಂದದ್ದು ಕುರುಡರಿಗೂ ಕಾಣುವಂತಿತ್ತು. ಆದರೆ ಆ ಡಬ್ಬಿಗಳ ಮೇಲಿನ ಅಕ್ಷರಕ್ಕಿದ್ದ ಜೀವ ಇದಕ್ಕಿರಲಿಲ್ಲ, ಅದೂ ಅವಳಿಗೆ ಕಾಣುತ್ತಿತ್ತು.

ಹೀಗೆ ಒಳಗೊಳಗೇ ಬೇಯುತ್ತಿರುವಾಗ ಮಾವ ಒಂದು ಮಾತು ಎತ್ತಿದರು. ಮಾವನದು ದರ್ಜಿಗಳಿಗೆ ಬೇಕಾದ ಸಾಮಾನಿನ ಅಂಗಡಿ. ಊರೆಲ್ಲ ಅದನ್ನು ಗುಂಡಿ ಅಂಗಡಿ ಎಂದೇ ಕರೆಯುವುದು. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ರಟ್ಟಿನ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮುಖಕ್ಕೆ ಒಳಗಿರುವ ಗುಂಡಿಯದೇ ಒಂದು ಮಾದರಿ ಹೊಲಿದು, ಪಕ್ಕದಲ್ಲಿ ಮಾವ ಕೈಯಾರೆ ಬರೆದ ಚೀಟಿ. ಅಚ್ಚು ಹಾಕಿಸಿದ ಚೀಟಿ ಅವರಿಗೆ ಆಗದು. ಕೈಬರಹ ಇದ್ದರೆ ಅಂಗಡಿಯಲ್ಲಿ ಮನುಷ್ಯರಿದ್ದಾರೆ ಅನಿಸುತ್ತದಂತೆ. ನಲವತ್ತು ವರ್ಷದ ಆ ಚೀಟಿಗಳು ಮಾಸಿದ್ದವು, ಮಾವನ ಕೈ ನಡುಗತೊಡಗಿತ್ತು. ಭಾನುವಾರ ಮೊಮ್ಮಕ್ಕಳಿಬ್ಬರೂ ಹತ್ತತ್ತು ಚೀಟಿ ಬರೆಯಲಿ, ಯಾರ ಕೈ ಒಪ್ಪುತ್ತದೋ ಆ ಕೈಯ ಅಕ್ಷರವೇ ಇನ್ನು ಮುಂದೆ ಅಂಗಡಿಯ ಅಕ್ಷರ ಎಂದರು.

ಹಿರಿಸೊಸೆಗೆ ಎರಡು ದಿನ ಅನ್ನ ಸೇರಲಿಲ್ಲ. ಇನ್ನು ಆ ಗೋಡೆಯ ತುಂಬ ಗುಬ್ಬಿಯ ಅಕ್ಷರ. ಅದರ ಕೆಳಗೆ ದಿನಾ ಎರಡು ಗಂಟೆ ನಿಂತು ತಾನು ಜಿಪ್ಪು, ಹುಕ್ಕು ಎಣಿಸಿಕೊಡಬೇಕು. ಬಂದವರೆಲ್ಲ ಯಾರು ಬರೆದದ್ದು ಎಂದು ಕೇಳುತ್ತಾರೆ, ತನ್ನ ಬಾಯಿಂದಲೇ ಹೇಳಬೇಕು. ಶನಿವಾರ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮಾವನ ಕಿವಿ ಕಚ್ಚಿದಳು.

"ಮಾವ, ಅಲಂಕಾರ ನೋಡ್ಬೇಡಿ. ದರ್ಜಿಗಳು ಅವಸರದಲ್ಲಿ ಬರೋರು, ಬಾಗಿಲಲ್ಲಿ ನಿಂತ್ರೂ ಓದೋಕಾಗ್ಬೇಕು. ಬಾಲ ಗೀಲ ಇರೋ ಅಕ್ಷರ ಇಲ್ಲಿಗೆ ಸರಿಹೋಗಲ್ಲ. ನೆಟ್ಟಗೆ, ದುಂಡಗೆ ಇರ್ಬೇಕು."

ಟೀಚರಾಗಿದ್ದವಳು ಹೇಳುತ್ತಿದ್ದಾಳೆ ಎಂದು ಮಾವ ತಲೆದೂಗಿದರು. ಆ ಮಧ್ಯಾಹ್ನ ಅವಳು ಹೊಟ್ಟೆ ತುಂಬ ಉಂಡಳು.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದು, ಬಟ್ಟೆ ಅಳೆಯುವ ಉದ್ದ ಮೇಜಿನ ಎರಡು ತುದಿಗೆ ಮಕ್ಕಳನ್ನು ಕೂರಿಸಿದರು. ಮಾವ ಒಂದೊಂದೇ ಹೇಳಿದರು. ಕೋಟಿನ ಗುಂಡಿ, ಕಂದು, ನಾಲ್ಕು ತೂತು. ಅಂಗಿಯ ಗುಂಡಿ, ಬಿಳಿ, ಸಣ್ಣದು. ಹಿರಿಸೊಸೆ ಮಗಳ ಬೆನ್ನ ಹಿಂದೆ ನಿಂತಿದ್ದಳು, ಕಿರಿಯವಳು ಗುಬ್ಬಿಯ ಹಿಂದೆ. ಯೋಚಿಸಿ ನೋಡಿದರೆ, ಪುಟ್ಟಿ ಬರೆಯುವುದನ್ನು ಹತ್ತಿರ ನಿಂತು ನೋಡಿ ಅವಳಿಗೆ ವರ್ಷವೇ ಆಗಿತ್ತು. ಪುಟ್ಟಿ ನಾಲಿಗೆ ತುದಿ ಕಚ್ಚಿಕೊಂಡು ಬರೆದಳು. ಮೊದಲ ಕೊಂಬು ಸಲೀಸಾಗಿ ಇಳಿದು, ತುದಿಯಲ್ಲಿ ಒಂದಿಷ್ಟು ಬಾಲ ತಿರುಗಿಸಿ ನಿಂತಿತು.

ಹಿರಿಸೊಸೆಗೆ ಆ ಬಾಲದ ಗುರುತು ಸಿಕ್ಕಿತು. ಮೇಜಿನ ಆ ತುದಿಗೆ ಹೋಗಿ ಬಗ್ಗಿ ನೋಡಿದಳು. ಗುಬ್ಬಿಯ ಚೀಟಿಗಳಲ್ಲಿ ಗೆರೆಯೇ ಇರಲಿಲ್ಲ, ಆದರೂ ಅಕ್ಷರಗಳು ಜೋಡಿ ಗೆರೆಯ ನಡುವೆ ಕೂತಂತೆ ದುಂಡಗೆ, ನೆಟ್ಟಗೆ, ಮಿಸುಕದೆ ಕೂತಿದ್ದವು. ತಾನು ದಿನಾ ನಕ್ಷತ್ರ ಅಂಟಿಸುತ್ತಿದ್ದ ಅಕ್ಷರಗಳು ಅವು.

ಮಾವ ಇಪ್ಪತ್ತು ಚೀಟಿಗಳನ್ನೂ ಹರಡಿಕೊಂಡರು. ಪುಟ್ಟಿಯದನ್ನು ಎತ್ತಿ ಹಿಡಿದು, ಎಷ್ಟು ಚಂದ ಎಂದು ಎರಡು ಸಲ ಅಂದರು. ಆಮೇಲೆ ಬಾಗಿಲ ತನಕ ನಡೆದುಹೋಗಿ ತಿರುಗಿ ನಿಂತು, ಕಣ್ಣು ಕಿರಿದು ಮಾಡಿ ಓದಿದರು.

"ನೀನು ಹೇಳಿದ್ದೇ ಸರಿಯಮ್ಮ," ಎಂದರು ಹಿರಿಸೊಸೆಗೆ. "ಇಲ್ಲಿಗೆ ಗುಬ್ಬಿ ಕೈಯೇ ಓದೋಕಾಗೋದು."

ಬಾಯಿಬಿಟ್ಟು ಏನಾದರೂ ಹೇಳೋಣವೆಂದರೆ, ಹೇಳಬೇಕಾದ್ದನ್ನೆಲ್ಲ ಅವಳು ಶನಿವಾರವೇ ಹೇಳಿ ಮುಗಿಸಿದ್ದಳು. ಪುಟ್ಟಿ ಅತ್ತ ತಿರುಗಿ ಚಿಕ್ಕಮ್ಮನ ಮುಖ ನೋಡಿದಳು. ಕಿರಿಯವಳು ಪರವಾಗಿಲ್ಲ ಎನ್ನುವಂತೆ ಕಣ್ಣಲ್ಲೇ ನಕ್ಕಳು, ಮಗುವೂ ನಕ್ಕಿತು. ಸೋತದ್ದಕ್ಕಿಂತ ಹೆಚ್ಚಾಗಿ ಹಿರಿಸೊಸೆಗೆ ಉರಿದದ್ದು ಅದಕ್ಕೆ.

ಮನೆಗೆ ಬಂದು ಕೇಳಿದಾಗ ಪುಟ್ಟಿ ಏನನ್ನೂ ಮುಚ್ಚಿಡಲಿಲ್ಲ. ಗುಬ್ಬಿಗೆ ಕಾಪಿ ಪುಸ್ತಕ ಎಂದರೆ ಪ್ರಾಣವಂತೆ, ಅವರ ಮನೆಯಲ್ಲಿ ಅದು ಇಲ್ಲವಲ್ಲ. ನಕ್ಷತ್ರ ಅಂಟಿಸಿದ್ದನ್ನು ಮಾರನೆಯ ದಿನ ಬಂದು ಮುಟ್ಟಿ ನೋಡುತ್ತಿದ್ದಳಂತೆ. ಅವಳು ಇಲ್ಲಿ ಪುಟ ತುಂಬಿಸುವಾಗ ಪುಟ್ಟಿ ಮೇಲೆ ಹೋಗಿ ಚಿಕ್ಕಮ್ಮನಿಗೆ ಚೀಟಿ ಬರೆದುಕೊಡುತ್ತಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ದು ಪುಟ ತುಂಬಿತಾ ಅಂತ," ಎಂದಳು ಪುಟ್ಟಿ. "ತುಂಬಿತ್ತಲ್ಲಮ್ಮ."

ಸಂಜೆ ಕಿರಿಯವಳು ಕೆಳಗಿಳಿದು ಬಂದಳು. ಪುಸ್ತಕದ ವಿಷಯ ನನಗೂ ಗೊತ್ತಿರಲಿಲ್ಲ, ಗುಬ್ಬಿ ಕೆಳಗೆ ಆಡುತ್ತಾಳೆ ಅಂದುಕೊಂಡಿದ್ದೆ ಎಂದಳು.

"ಆದ್ರೆ ಡಬ್ಬಿ ಮೇಲಿರೋದು ಪುಟ್ಟೀದು ಅಂತ ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಅಕ್ಕಾ. ದಿನಾ ನೋಡ್ತಿದ್ರಿ, ಒಂದು ದಿನಾನೂ ಚೆನ್ನಾಗಿದೆ ಅನ್ಲಿಲ್ಲ. ನಿಮಗೆ ಇಷ್ಟ ಇಲ್ವೇನೋ ಅಂತ ನಾನೂ ಸುಮ್ನಿದ್ದೆ."

ಒಂದೇ ಒಂದು ಸಲ ಚೆನ್ನಾಗಿದೆ ಅಂದಿದ್ದರೆ ಸಾಕಿತ್ತು. ಹಿರಿಸೊಸೆ ಅದನ್ನು ರಾತ್ರಿಯೆಲ್ಲ ಲೆಕ್ಕ ಹಾಕಿದಳು. ವರ್ಷವಿಡೀ ಅವಳು ಹೊಟ್ಟೆಕಿಚ್ಚು ಪಟ್ಟದ್ದು ಸ್ವಂತ ಮಗಳ ಮೇಲೆ, ಬೆನ್ನು ತಟ್ಟಿದ್ದು ಓರಗಿತ್ತಿಯ ಮಗಳಿಗೆ.

ಬೆಳಿಗ್ಗೆ ಅವಳು ತನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಇವಕ್ಕೂ ಚೀಟಿ ಬರೆದುಕೊಡು ಎಂದಳು. ಪುಟ್ಟಿ ಖುಷಿಯಿಂದಲೇ ಕೂತಳು. ಕೂತವಳು ಮೊದಲು ಅಡಿಪಟ್ಟಿ ತೆಗೆದು ಜೋಡಿ ಗೆರೆ ಎಳೆದಳು. ಒಂದಕ್ಷರ ಬರೆದು ಅಮ್ಮನ ಮುಖ ನೋಡಿದಳು, ಅಳಿಸಿದಳು. ಇನ್ನೊಂದು ಬರೆದು ಮತ್ತೆ ಮುಖ ನೋಡಿದಳು. ಆ ಅಕ್ಷರ ಸೆಟೆದುಕೊಂಡು ನಿಂತಿತ್ತು.

"ನಂಗೆ ಅಂಗಡಿಗೆ ಹೊತ್ತಾಯ್ತು," ಎಂದಳು ಹಿರಿಸೊಸೆ. "ನಿಧಾನವಾಗಿ ಬರಿ."

ಅಂಗಡಿಯಲ್ಲಿ ಎರಡು ಗಂಟೆ ಗುಬ್ಬಿಯ ಹೊಸ ಚೀಟಿಗಳ ಕೆಳಗೆ ನಿಂತು, ಮೂವರಿಗೆ ಅದು ಯಾರ ಅಕ್ಷರವೆಂದು ಹೇಳಿ, ಹನ್ನೆರಡಕ್ಕೆ ಮನೆಗೆ ಬಂದಳು. ಈ ಸಲ ಏನನ್ನೂ ಕೇಳಲಿಲ್ಲ. ಡಬ್ಬಿಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಬಾಲ ತಿರುಗಿಸಿದ ಅದೇ ಅಕ್ಷರ. ಕೈಯಿಂದ ಸವರಿ ನೋಡಿದಳು. ಆಮೇಲೆ ಎಣಿಸಿದಳು. ಒಂದು ಕಡಿಮೆ ಇತ್ತು, ಸಕ್ಕರೆಯದು.

"ಅದು ಮೇಲೇ ಉಳೀತಮ್ಮ," ಎಂದಳು ಪುಟ್ಟಿ. "ಚಿಕ್ಕಮ್ಮನ ಮನೇಗೆ ಎತ್ಕೊಂಡು ಹೋಗಿ ಬರೆದೆ. ಇಲ್ಲಿ ಅಕ್ಷರ ಬರ್ಲೇ ಇಲ್ಲ."

ಹಿರಿಸೊಸೆ ಮಹಡಿ ಹತ್ತಿದಳು. ಓರಗಿತ್ತಿಯ ಮೇಜಿನ ಮೇಲೆ ಪುಟ್ಟಿ ಕೂತು ಬರೆದ ಜಾಗದಲ್ಲಿ ಪೆನ್ಸಿಲಿನ ಸಿಪ್ಪೆ ಇನ್ನೂ ಬಿದ್ದಿತ್ತು. ಕಿರಿಯವಳು ಸಕ್ಕರೆ ಡಬ್ಬಿಯನ್ನು ಸೆರಗಿನಿಂದ ಒರೆಸಿ ಅವಳ ಕೈಗಿಟ್ಟಳು.

"ಚೆನ್ನಾಗಿದೆ," ಎಂದಳು ಹಿರಿಸೊಸೆ.

ಕಿರಿಯವಳು ಸಂತೋಷದಿಂದ ನಕ್ಕಳು. ಹಿರಿಸೊಸೆಯ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದಳು.