ಭುಜ ಬದಲಿಸುವ ಹೊತ್ತು

"ನಿನ್ನನ್ನ ನೋಡೋಕೆ ಕಳ್ಸಿದ್ದಪ್ಪ, ಹಮಾಲಿ ಮಾಡೋಕಲ್ಲ. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನ ಕೈಗೆ ಗಡಿಯಾರ ಕೊಟ್ರೆ ಇನ್ನೇನಾಗುತ್ತೆ?"

ತಂಡದ ಲೆಕ್ಕ ನೋಡುವ ಯಶವಂತ ಕಲ್ಲೇಶನಿಗೆ ಇದನ್ನು ಮೆಲ್ಲಗೆ ಹೇಳಲಿಲ್ಲ. ನಾಂಪಲ್ಲಿಯ ಆ ಆಫೀಸಿನ ಉದ್ದ ಮೇಜಿನ ಸುತ್ತ ಕೂತವರಿಗೆಲ್ಲ ಕೇಳಲಿ ಎಂದೇ ಹೇಳಿದ. ಕೆಲವರು ನಕ್ಕರು. ನಗು ತಡೆದುಕೊಂಡವರು ನೀರಿನ ಬಾಟಲಿ ಎತ್ತಿಕೊಂಡರು. ಕಲ್ಲೇಶನ ಕಿವಿ ಕಾದ ಹಂಚಾದವು.

ಆ ಆಫೀಸಿನ ಕೆಲಸವೇ ಅಂದಾಜು ಹಾಕುವುದು. ಒಂದು ಮಗುವಿಗೆ ಲಸಿಕೆ ಮುಟ್ಟಿಸಲು ನೇಪಾಳದಲ್ಲಿ ಏನೇನು ಬೇಕು, ಮಲಾವಿಯಲ್ಲಿ ಏನು ಬೇಕು, ಇಲ್ಲಿ ತೆಲಂಗಾಣದಲ್ಲಿ ಏನು ಬೇಕು ಎಂದು ಲೆಕ್ಕ ಕಟ್ಟಿ, ಯೋಜನೆ ನಡೆಸುವವರ ಕೈಗೆ ಕೊಡುವುದು. ಅದರಲ್ಲಿ ಕಲ್ಲೇಶನ ಪಾಲು ಸಣ್ಣದು. ಪಟಾನ್‌ಚೆರುವಿನ ಕಾರ್ಮಿಕರ ಕೇರಿಗಳಲ್ಲಿ, ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೋಗುವ ನರ್ಸ್ ವನಜಾಳ ಹಿಂದೆ ಅವನು ನಡೆಯಬೇಕು. ಅವಳು ನಡೆದರೆ ಫೋನಿನಲ್ಲಿ 'ನಡಿಗೆ' ಒತ್ತಬೇಕು, ಬಾಗಿಲಲ್ಲಿ ನಿಂತರೆ 'ಕಾಯುವುದು', ಸೂಜಿ ಹಿಡಿದರೆ 'ಚುಚ್ಚುಮದ್ದು', ಪೆನ್ನು ಹಿಡಿದರೆ 'ಬರೆಯುವುದು'. ಯಾವುದಕ್ಕೆ ಎಷ್ಟು ಹೊತ್ತು ಹೋಯಿತೆಂದು ಫೋನೇ ಲೆಕ್ಕ ಇಡುತ್ತದೆ.

ಆವತ್ತು ಬೆಳಿಗ್ಗೆ ಗೋಡೆಯ ಮೇಲೆ, ಒಂದು ಮಗುವಿಗೆ ಎಷ್ಟು ಹೊತ್ತು ಹಿಡಿಯಿತೆಂಬ ಎಲ್ಲ ಊರುಗಳ ಗೆರೆಗಳನ್ನು ಒಟ್ಟಿಗೆ ತೋರಿಸಿದ್ದರು. ಎಲ್ಲಕ್ಕಿಂತ ಗಿಡ್ಡದು ಪಟಾನ್‌ಚೆರುವಿನ ಗೆರೆ. ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಯಾರೋ ಕೇಳಿದ್ದೇ ತಡ, ಶಹಬ್ಬಾಸ್ ಅನ್ನುತ್ತಾರೆಂದು ಕಲ್ಲೇಶ ಎದೆ ಉಬ್ಬಿಸಿ ಹೇಳಿಬಿಟ್ಟಿದ್ದ: "ಲಸಿಕಿ ಪೆಟ್ಟಿಗಿ ನಾನ ಹೊತ್ತೀನ್ರಿ. ಅಕ್ಕಾರ ಭುಜಾ ಭಾಳ ನೋಯಾಕತ್ತಿತ್ತು. ಬರೇ ಫೋನ್ ಹಿಡ್ಕೊಂಡು ಹಿಂದಿಂದ ಅಡ್ಡಾಡೂದು ನನ್ನ ಕೈಲೆ ಆಗಲಿಲ್ಲ."

ಅದಕ್ಕೇ ಯಶವಂತನ ಬಾಯಿಂದ ಆ ಮಾತು ಬಿದ್ದದ್ದು.

"ಇವನು ತಂದಿದ್ದೆಲ್ಲ ತೆಗೆದುಹಾಕೋಣ. ಬೇರೆಯವರನ್ನ ಕಳಿಸೋಣ," ಎಂದ ಯಶವಂತ.

ಕಲ್ಲೇಶ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಹೊತ್ತದ್ದು ತಪ್ಪೇನ್ರಿ? ನೀವೊಂದ ಸಲ ಆ ಮೆಟ್ಟಲಾ ಹತ್ತಿ ಬರ್ರಿ, ಆಮ್ಯಾಲ ನನ್ನ ಕ್ಲಾಸಿಂದು ಕೇಳ್ರಿ!"

"ಯಶವಂತ, ಅವರ ಓದಿನ ಮಾತು ಇಲ್ಲಿ ಬೇಡ," ಎಂದಳು ತಂಡದ ಮುಖ್ಯಸ್ಥೆ ತೇಜಸ್ವಿನಿ, ಮೈಸೂರಿನವಳು. "ಕಲ್ಲೇಶ, ಸ್ವಲ್ಪ ಹೊರಗೆ ಬನ್ನಿ."

ಹೊರಗೆ ಪಡಸಾಲೆಯಲ್ಲಿ ಬಿಸಿಲು. ಕೆಳಗಿನ ಸ್ಟೇಷನ್ನಿನಿಂದ ರೈಲಿನ ಕೂಗು. ಕೆಲಸ ಬಿಡುತ್ತೇನೆ ಅನ್ನುವ ಮಾತು ಕಲ್ಲೇಶನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಆದರೆ ಅದಕ್ಕಿಂತ ಮೊದಲು ಇನ್ನೊಂದು ಮಾತು ಅವನ ತಲೆ ಕೊರೆಯುತ್ತಿತ್ತು. ಸಿಟ್ಟು ಎಷ್ಟೇ ಇದ್ದರೂ, ತಿಳಿಯದ್ದನ್ನು ತಿಳಿಯದೆ ಬಿಡುವ ಜಾಯಮಾನ ಅವನದಲ್ಲ.

"ಮೇಡಂ, ಒಂದ ಕೇಳ್ತೀನ್ರಿ. ಇಲ್ಲಿ ರೂಪಾಯಿ, ಅಲ್ಲಿ ಬ್ಯಾರೆ ರೊಕ್ಕ. ಅಲ್ಲಿ ಪಗಾರ ಬ್ಯಾರೆ, ದಾರಿ ಬ್ಯಾರೆ. ಎಲ್ಲಾ ಒಂದ ಗ್ವಾಡಿ ಮ್ಯಾಲ ಹ್ಯಾಂಗ ಕೂಡಸ್ತೀರಿ?"

ತೇಜಸ್ವಿನಿ ಅವನನ್ನೇ ನೋಡಿದಳು. ಈ ಪ್ರಶ್ನೆಯನ್ನು ಒಳಗೆ ಕೂತ ಹೊಸಬರು ಯಾರೂ ಕೇಳಿರಲಿಲ್ಲವೇನೋ, ಅಥವಾ ಕೇಳಿದ್ದು ಅವಳಿಗೆ ಮರೆತಿತ್ತೇನೋ.

"ದುಡ್ಡನ್ನ ಮೊದಲು ಕೇಳೋದೇ ಇಲ್ಲ. ನಿಮ್ಮ ಮನೇಲಿ ರೊಟ್ಟಿ ಹೇಗೆ ಹೇಳಿಕೊಡ್ತಾರೆ? ಇಷ್ಟು ಹಿಟ್ಟು, ಇಷ್ಟು ನೀರು, ಇಷ್ಟು ಹೊತ್ತು ಬೆಂಕಿ ಅಂತ. ಹಿಟ್ಟಿನ ಬೆಲೆ ಆಯಾ ಊರಿನ ಅಂಗಡಿಯದು, ಅದು ಆಮೇಲೆ. ಹಾಗೇ ಇದು. ಒಂದು ಮಗುವಿಗೆ ಲಸಿಕೆ ಹಾಕೋಕೆ ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಮಂಜುಗಡ್ಡೆ. ಅದು ಸರಿಯಾಗಿ ಗೊತ್ತಾದ್ರೆ ಯಾವ ದೇಶದ ಬೆಲೆ ಬೇಕಾದ್ರೂ ಅದಕ್ಕೆ ಹಚ್ಚಬಹುದು."

"ಹಂಗಾದ್ರ ನಾ ಪೆಟ್ಟಿಗಿ ಹೊತ್ತದ್ದು..."

"ನೀವು ಹಿಟ್ಟಿಗೆ ನಿಮ್ಮ ಮನೆಯದೊಂದು ಹಿಡಿ ಸೇರಿಸಿದ್ರಿ, ಯಾರಿಗೂ ಹೇಳಲಿಲ್ಲ. ಈಗ ಈ ಅಳತೆ ನೋಡಿ ಮಲಾವಿಯಲ್ಲಿ ಒಬ್ಬಳೇ ಒಬ್ಬಳು ನರ್ಸನ್ನ ಕಳಿಸ್ತಾರೆ. ಅವಳ ಹಿಂದೆ ನೀವು ಇರಲ್ಲ, ಕಲ್ಲೇಶ."

 ಕಂಡೇ ಇರದ ಊರೊಂದರಲ್ಲಿ, ಮುಖ ಗೊತ್ತಿಲ್ಲದ ಒಬ್ಬ ಹೆಂಗಸು ಕಲ್ಲೇಶ ಎತ್ತಿದಂಥ ಪೆಟ್ಟಿಗೆಯನ್ನು ಒಬ್ಬಳೇ ಎತ್ತಿಕೊಂಡು ನಿಂತ ಹಾಗೆ ಅವನಿಗೆ ಕಂಡಿತು.

"ದೂರದ ಮಾತು ಬಿಡಿ," ತೇಜಸ್ವಿನಿ ದನಿ ತಗ್ಗಿಸಿದಳು. "ವನಜಾ ಅವರ ಜೊತೆಗೆ ಒಬ್ಬ ಸಹಾಯಕರನ್ನ ಕೊಡಬೇಕೋ ಬೇಡವೋ ಅಂತ ಮೇಲಿನವರು ತೀರ್ಮಾನ ಮಾಡೋದೂ ಇದೇ ಅಂದಾಜಿನ ಮೇಲೆ. ನೀವು ತಂದಿರೋದನ್ನ ನೋಡಿದ್ರೆ, ಒಬ್ಬರೇ ಸಾಕು ಅಂತ ಬರುತ್ತೆ."

 ಬೀದರ್ ಕಡೆಯಿಂದ ಬಂದು ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳ ಮುಂದೆ ಲಾರಿ ತುಂಬಿ ಇಳಿಸಿದ ಮನೆತನ ಕಲ್ಲೇಶನದು. ಅವರ ಓಣಿಯಲ್ಲಿ ಭಾರ ಹೊತ್ತವರ ಪಕ್ಕದಲ್ಲಿ ಬರಿಗೈಯಲ್ಲಿ ನಡೆದರೆ ಅದು ಬೈಗುಳಕ್ಕೆ ಸಮ. ಯಾರೋ ಕೇಳಿದ ಮೇಲೆ ಕೈ ಚಾಚುವುದಲ್ಲ, ಅದು ತಾನಾಗಿ ಹೋಗುತ್ತದೆ. ಆ ಕೈಯೇ ಹೋಗಿ ವನಜಕ್ಕನಿಗೆ ಸಿಗಬೇಕಾದ ಆಳನ್ನು ಕಿತ್ತುಕೊಂಡಿತೇ?

"ಮತ್ತೊಮ್ಮೆ ಹೋಗ್ತೀನ್ರಿ," ಎಂದ.

"ಪೆಟ್ಟಿಗೆ ಮುಟ್ಟೋ ಹಾಗಿಲ್ಲ."

"ಮುಟ್ಟಂಗಿಲ್ರಿ."

ಮರುದಿನ ಪಟಾನ್‌ಚೆರುವಿನ ಬಸ್ಸಿಳಿದಾಗ ವನಜಾ ಕೇರಿಯ ಬಾಯಲ್ಲಿ ನಿಂತಿದ್ದಳು. ಒಂದು ಭುಜಕ್ಕೆ ನೀಲಿ ಪೆಟ್ಟಿಗೆ, ಇನ್ನೊಂದಕ್ಕೆ ಕೂಸು ತೂಗುವ ತಕ್ಕಡಿಯ ಚೀಲ. ಎಂದಿನಂತೆ ಪೆಟ್ಟಿಗೆಯ ಪಟ್ಟಿ ಬಿಚ್ಚಿ, "ಹಿಡಿ ತಮ್ಮಾ," ಎಂದಳು.

ಕಲ್ಲೇಶ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಇವತ್ತ ಹಿಡಿಯಂಗಿಲ್ಲ, ಅಕ್ಕಾರ."

"ಯಾಕೋ, ನನ್ನ ಮ್ಯಾಲ ಸಿಟ್ಟೇನು?"

ಅವನು ರೊಟ್ಟಿಯ ಕತೆಯಿಂದ ಹಿಡಿದು ಮಲಾವಿಯವರೆಗೆ ಎಲ್ಲ ಹೇಳಿದ. ವನಜಾ ಬಾಯಿ ತೆರೆದು ಕೇಳಿದಳು, ಆಮೇಲೆ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯ ಶಿವನ! ಆಳ ಕೊಡ್ರಿ ಕೊಡ್ರಿ ಅಂತ ಕೇಳಿ ಕೇಳಿ ನನ್ನ ಗಂಟಲಾ ಆರೇತಿ. ನೀ ಪುಣ್ಯಾ ಮಾಡಾಕ ಹೋಗಿ ನನ್ನ ಆಳನ್ನ ನುಂಗಿದಿ ನೋಡು." ಮತ್ತೆ ಪಟ್ಟಿಯನ್ನು ಭುಜಕ್ಕೆ ಏರಿಸಿದಳು. "ಹಂಗಾದ್ರ ಇವತ್ತ ಬೇಕಂತ ನಿಧಾನ ಹತ್ತಲೇನು?"

"ಬ್ಯಾಡ್ರಿ. ನಾ ಇಲ್ದಾಗ ಹ್ಯಾಂಗ ಹತ್ತತೀರಿ, ಹಂಗ ಹತ್ರಿ."

ತಾನೇ ಪೆಟ್ಟಿಗೆ ಹೊತ್ತಾಗ ಕಾಣದ್ದು ಅವನಿಗೆ ಆವತ್ತು ಕಾಣತೊಡಗಿತು. ಲಿಫ್ಟಿಲ್ಲದ, ಒಂದಕ್ಕೊಂದು ಅಂಟಿಕೊಂಡ ಬಾಡಿಗೆ ಕಟ್ಟಡಗಳು. ಪ್ರತಿ ಅಂತಸ್ತಿನ ತಿರುವಿನಲ್ಲೂ ವನಜಾ ಪೆಟ್ಟಿಗೆ ಇಳಿಸುತ್ತಾಳೆ, ಉಸಿರು ಬಿಡುತ್ತಾಳೆ, ಭುಜ ಬದಲಿಸುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಯಾವುದೋ ಬಾಗಿಲು ಅರ್ಧ ತೆರೆಯುತ್ತದೆ. ಯಾರೋ ಕುಡಿಯಲು ನೀರು ಕೊಡುತ್ತಾರೆ. ಮಾತಿಗೆ ಮಾತು.

ಎರಡನೇ ಕಟ್ಟಡದಲ್ಲಿ ಹಾಗೆ ನೀರು ತಂದ ಹೆಂಗಸು ಸೆರಗು ಸರಿಪಡಿಸಿಕೊಳ್ಳುತ್ತ, "ಊಪರ್ ಒಡಿಶಾವಾಲೇ ಹೈಂ ನಾ, ಉನ್ಕಾ ಛೋಟಾ ಬಚ್ಚಾ ಹೈ," ಎಂದಳು. ಮೇಲಿನ ಕೋಣೆಯಲ್ಲಿ ಒಡಿಶಾದವರಿದ್ದಾರೆ, ಹಸುಗೂಸಿದೆ. ಬಂದು ಎಷ್ಟು ದಿನವಾಯಿತೆಂದು ವನಜಾ ಕೇಳಿದಳು. ಸಂಕ್ರಾಂತಿಗೆ ಮುಂಚೆಯೇ ಬಂದದ್ದು.

ಕಲ್ಲೇಶ ಗಕ್ಕನೆ ನಿಂತ. ಸಂಕ್ರಾಂತಿ ಆದ ಮೇಲೆ ಅವರಿಬ್ಬರೂ ಇದೇ ಕಟ್ಟಡಕ್ಕೆ ಬಂದಿದ್ದರು. ಪೆಟ್ಟಿಗೆ ಹೆಗಲಿಗೇರಿಸಿ ಅವನು ಎರಡೆರಡು ಮೆಟ್ಟಿಲು ಹಾರಿದ್ದ, ಬರಿಗೈಯ ವನಜಾ ಹಿಂದೆಯೇ ಸರಸರ ಏರಿದ್ದಳು. ಈ ತಿರುವಿನಲ್ಲಿ ಯಾರೂ ನಿಂತಿರಲಿಲ್ಲ. ಈ ಬಾಗಿಲು ತೆರೆದಿರಲಿಲ್ಲ. ಆ ಕೂಸು ಆವತ್ತೂ ಮೇಲೆಯೇ ಇತ್ತು.

ಕೂಸಿಗೆ ಸೂಜಿ ಚುಚ್ಚಿದಾಗ ಅದು ಕಟ್ಟಡ ಹಾರಿಹೋಗುವ ಹಾಗೆ ಅತ್ತಿತು. ತಾಯಿ ಅದನ್ನು ಎದೆಗೆ ಒತ್ತಿಕೊಂಡು ವನಜಾಳನ್ನೇ ಬೈಯುವಂತೆ ನೋಡಿದಳು. ಕಲ್ಲೇಶ 'ಚುಚ್ಚುಮದ್ದು' ಒತ್ತಿದ. ಆದರೆ ಅವನ ಮನಸ್ಸು ಕೆಳಗಿನ ತಿರುವಿನಲ್ಲೇ ಸಿಕ್ಕಿಕೊಂಡಿತ್ತು. ಭುಜ ಬದಲಿಸುವ ಹೊತ್ತಿಗೆ ಯಾವ ಗುಂಡಿ ಒತ್ತಬೇಕು? ಅದು ನಡಿಗೆಯಲ್ಲ. ಕಾಯುವುದು ಅನ್ನೋಣವೆಂದರೆ, ಅವಳು ಯಾರನ್ನೂ ಕಾಯುತ್ತಿರಲಿಲ್ಲ. ದಣಿವು ಅಂದರೆ ದಣಿವು, ಹುಡುಕಾಟ ಅಂದರೆ ಹುಡುಕಾಟ. ನಾಳೆ ಸಹಾಯಕ ಬಂದು ಪೆಟ್ಟಿಗೆ ಹೊತ್ತರೆ ಆಗಲೂ ಅಕ್ಕ ಇಲ್ಲಿ ನಿಲ್ಲುತ್ತಾಳೆಯೇ? ಮೇಡಂಗೆ ಇದನ್ನು ಕೇಳಲೇಬೇಕು.

"ಅಕ್ಕಾರ, ಮಲಾವಿಯಾಗೂ ಹಿಂಗ ನಡುನಡುವ ನಿಂತು ಭುಜಾ ಬದಲಸ್ತಾರೇನ್ರಿ?"

"ಭುಜಾ ಎಲ್ಲಾರಿಗೂ ಎರಡ ಇರ್ತಾವ, ತಮ್ಮಾ," ಎಂದಳು ವನಜಾ, ಬೆವರು ಒರೆಸಿಕೊಳ್ಳುತ್ತ.

ಹೊತ್ತೇರಿದಂತೆ ಅವಳ ನಿಲುಗಡೆಗಳು ಉದ್ದವಾದವು. ಮೂಲೆಯ ಕಟ್ಟಡಕ್ಕೆ ಬರುವಷ್ಟರಲ್ಲಿ ಅವಳು ನಾಲ್ಕೈದು ಹೆಜ್ಜೆಗೊಮ್ಮೆ ಭುಜ ಬದಲಿಸುತ್ತಿದ್ದಳು. ಕೆಳಗಿನ ನಲ್ಲಿಯ ಸುತ್ತ ಬಿಂದಿಗೆಗಳ ಸಾಲು, ಹೆಂಗಸರ ಗುಂಪು. ಅವರೆಲ್ಲರ ಎದುರಿಗೇ ಒದ್ದೆ ಮೆಟ್ಟಿಲಿನ ಮೇಲೆ ವನಜಾಳ ಕಾಲು ಜಾರಿತು. ಪೆಟ್ಟಿಗೆ ಗೋಡೆಗೆ ಬಡಿಯಿತು. ಕಲ್ಲೇಶನ ಕೈ ಅರ್ಧ ದಾರಿ ಹೋಗಿತ್ತು. ವನಜಾ ಕಂಬಿ ಹಿಡಿದು ನಿಂತು, ಅವನ ಕೈಯನ್ನು ನೋಡಿ, ಬೇಡವೆಂದು ತಲೆಯಾಡಿಸಿದಳು. ಪಟ್ಟಿ ಬಿಗಿದುಕೊಂಡು ಮೇಲೆ ಹೊರಟಳು.

ಅವನು ಕೈಯನ್ನು ಹಿಂದಕ್ಕೆ ತಂದುಕೊಂಡ.

"ಏ ಭಾಡ್ಯಾ!" ನಲ್ಲಿಯ ಪಕ್ಕದಿಂದ ಒಬ್ಬ ಮುದುಕಿ ಕೂಗಿದಳು. ಬೀದರ್ ಕಡೆಯ ಕನ್ನಡ, ಅವನ ಅಜ್ಜಿಯದೇ ದನಿ. "ಹೆಣ್ಮಗಳು ಹೊರಿ ಹೊತ್ತು ಬೀಳಾಕತ್ತಾಳ, ನೀ ಮೊಬೈಲ್ ನೋಡ್ಕೋತ ನಿಂತೀದಿ? ನಿನ್ನ ಹಡದಾಕಿ ಇದನ್ನ ಕಲಿಸ್ಯಾಳೇನು?"

ಗುಂಪಿನಲ್ಲಿ ಖೊಳ್ಳೆಂದು ನಗು ಎದ್ದಿತು. "ಜಾನೇ ದೋ ಅಮ್ಮಾ, ಸಾಹೇಬ್ ಹೈ ಸಾಹೇಬ್," ಬಿಟ್ಟುಬಿಡು, ಸಾಹೇಬರಲ್ಲವೇ ಎಂದು ಅಣಕಿಸಿದಳು ಇನ್ನೊಬ್ಬಳು.

ರಕ್ತ ತಲೆಗೇರಿತು. ತಾಯಿಯ ಹೆಸರೆತ್ತಿದ ಮೇಲೆ ಕಲ್ಲೇಶ ಇವತ್ತಿನವರೆಗೆ ಯಾರನ್ನೂ ಸುಮ್ಮನೆ ಬಿಟ್ಟವನಲ್ಲ. ಉತ್ತರ ಇತ್ತು, ಒಂದಲ್ಲ, ಹತ್ತು ಇದ್ದವು. ಆದರೆ ಹೇಳಲು ನಿಂತರೆ ಮೇಲಿನ ತಿರುವಿನಲ್ಲಿ ಅಕ್ಕ ಪೆಟ್ಟಿಗೆ ಇಳಿಸುವುದು ತಪ್ಪುತ್ತದೆ, ಯಾವ ಬಾಗಿಲು ತೆರೆಯಿತೋ ಅದೂ ತಪ್ಪುತ್ತದೆ.

ಮುದುಕಿ ಇನ್ನೂ ಬೈಯುತ್ತಿದ್ದಳು. ಕಲ್ಲೇಶ ಬೆನ್ನು ತಿರುಗಿಸಿ, ಬರಿಗೈಯಲ್ಲಿ ಮೆಟ್ಟಿಲು ಹತ್ತಿದ.