ಉಮಕ್ಕನ ಮನೆಯ ಪಾವಟಿಗೆ

ಮಸ್ಕಿಯ ಗೌಂಡಿ ಅಲ್ಲಾಭಕ್ಷ್ ಸಾಲಗುಂದದಲ್ಲಿ ಉಮಾದೇವಿಯ ಮನೆ ಕಟ್ಟಿ ಮುಗಿಸಿದಾಗ ನೋಡಿದವರೆಲ್ಲ ಭೇಷ್ ಎಂದರು. ಮನೆಯಾಕೆ ಮಾತ್ರ ಕೊನೆಯ ಕಂತು ಕೊಡಲಿಲ್ಲ. ಮಾಳಿಗೆ ಹತ್ತುವ ಪಾವಟಿಗೆಯ ಮೆಟ್ಟಿಲುಗಳು ವಿಪರೀತ ಎತ್ತರವಾಗಿವೆ, ಕಿತ್ತು ಬೇರೆ ಕಟ್ಟಿಕೊಡು ಎಂದು ಹಟ ಹಿಡಿದಳು. ಅಲ್ಲಾಭಕ್ಷನಿಗೆ ಸಿಟ್ಟು ನೆತ್ತಿಗೇರಿತು. ಕೆಲಸದ ನಡುವೆ ದೇವರ ಮನೆಯ ಗೋಡೆ ಕೆಡವಿಸಿ ಬೇರೆ ಕಡೆ ಕಟ್ಟಿಸಿದವಳು ಆಕೆಯೇ. ಅದರ ಕೂಲಿಯೂ ಬಂದಿರಲಿಲ್ಲ. ಸಿಂಧನೂರಿನ ಸಂತೆಯಲ್ಲಿ ಎದುರಾದರೂ ಇಬ್ಬರೂ ಮುಖ ತಿರುಗಿಸಿಕೊಂಡು ಹೋಗತೊಡಗಿದರು.

ಪುಣ್ಯಕ್ಕೆ ಕರಾರು ಮಾಡಿಕೊಳ್ಳುವಾಗಲೇ ಒಂದು ಮಾತಾಗಿತ್ತು: ತಕರಾರು ಬಂದರೆ ಲಿಂಗಸುಗೂರಿನ ನಿವೃತ್ತ ಇಂಜಿನಿಯರ್ ಶೈಲಜಾ ಮೇಡಂ ಬಂದು ನೋಡಿ ತೀರ್ಪು ಹೇಳಬೇಕು, ಇಬ್ಬರೂ ಅದರಂತೆ ನಡೆಯಬೇಕು.

ಒಂದು ಮುಂಜಾನೆ ಶೈಲಜಾ ಬಂದು ಪಡಸಾಲೆಯಲ್ಲಿ ಕೂತರು. "ಒಬ್ರು ಮಾತಾಡೋವಾಗ ಇನ್ನೊಬ್ರು ಬಾಯಿ ತೆಗೀಬಾರದು" ಎಂದರು. ಅಲ್ಲಾಭಕ್ಷ್ ಹೇಳುವಷ್ಟು ಹೊತ್ತೂ ಉಮಾದೇವಿ ಸೆರಗಿನ ತುದಿ ಕಚ್ಚಿಕೊಂಡೇ ಕೂತಿದ್ದಳು.

"ಎಲ್ಲಾರ ಮನ್ಯಾಗೂ ಪಾವಟಿಗಿ ಹಿಂಗ ಇರ್ತಾವ್ರಿ ಮೇಡಂರ" ಎಂದು ಅವನು ಮುಗಿಸಿದ.

"ಹೌದೇನು? ಹಂಗಾರ ಆ ನೀರಿನ ಕೊಡ ಹೊತ್ಕೊಂಡು ಒಂದ್ಸಲ ಮ್ಯಾಲ ಹೋಗಿ ಬಾ" ಎಂದರು ಶೈಲಜಾ, ಮೂಲೆಯಲ್ಲಿದ್ದ ಕೊಡ ತೋರಿಸಿ.

ಇದೇನು ಮಹಾ ಎಂದುಕೊಂಡು ಅಲ್ಲಾಭಕ್ಷ್ ತುಂಬಿದ ಕೊಡವನ್ನು ಹೆಗಲಿಗೇರಿಸಿದ. ಅರ್ಧಕ್ಕೆ ಹೋಗುವುದರೊಳಗೆ ಕಾಲು ಎತ್ತಿಡಲಾಗದೆ ಎಡವಿದ. ಕೊಡ ವಾಲಿ, ತಣ್ಣನೆಯ ನೀರು ಕೊರಳಿನಿಂದ ಅಂಗಿಯೊಳಗೆ ಇಳಿಯಿತು. ಉಮಾದೇವಿಗೆ ನಗು ತಡೆಯಲಾಗಲಿಲ್ಲ. ಅವಮಾನದಿಂದ ಕೆಂಪಾದ ಅವನು ತನ್ನ ಒದ್ದೆ ಅಂಗಿ ನೋಡಿಕೊಂಡು ತಾನೂ ನಕ್ಕುಬಿಟ್ಟ.

"ದಿನಾ ಹಿಂಗ ಹತ್ತತೀಯೇನ ಉಮಕ್ಕ?"

"ಮತ್ತ! ಮೆಣಸಿನಕಾಯಿ ಒಣಗಿಸಾಕ ನಿಮ್ಮಪ್ಪ ಬರ್ತಾನೇನು?"

ಶೈಲಜಾ ಟೇಪು ಹಿಡಿದು ಅಳೆದರು. ದೇವರ ಮನೆಯ ಗೋಡೆ ಜರುಗಿಸಿದ್ದರಿಂದ ಪಾವಟಿಗೆಯ ಜಾಗ ಕಡಿಮೆಯಾಗಿತ್ತು. ಅಷ್ಟರಲ್ಲೇ ಮಾಳಿಗೆ ಮುಟ್ಟಿಸಲು ಅಲ್ಲಾಭಕ್ಷ್ ಒಂದೊಂದು ಮೆಟ್ಟಿಲನ್ನೂ ಎತ್ತರ ಮಾಡಿದ್ದ. ಉಮಾದೇವಿಯ ನಗು ನಿಂತಿತು. "ಇದು ನನಗ ಯಾರೂ ಹೇಳಲಿಲ್ಲಲ್ರಿ" ಎಂದಳು.

"ನಾ ಹೇಳಬೇಕಿತ್ತು" ಎಂದ ಅಲ್ಲಾಭಕ್ಷ್, ತಲೆ ತಗ್ಗಿಸಿ.

ಶೈಲಜಾ ತೀರ್ಪು ಕೊಟ್ಟರು. ಕೊನೆಯ ಕಂತು, ಗೋಡೆಯ ಕೂಲಿ ಎರಡನ್ನೂ ಉಮಾದೇವಿ ಇವತ್ತೇ ಕೊಡಬೇಕು. ಪಾವಟಿಗೆಯನ್ನು ಜಾಗವಿರುವ ಹೊರಗಿನ ಗೋಡೆಗೆ ಹೊಸದಾಗಿ ಕಟ್ಟಬೇಕು. ಸಾಮಾನು ಆಕೆಯದು, ದುಡಿಮೆ ಅವನದು. "ಒಪ್ಪಿಗಿ ಇಲ್ಲಂದ್ರ ಆಮ್ಯಾಲ ಕೋರ್ಟಿಗೆ ಹೋಗ್ರಿ. ಅಲ್ಲೀತನಕ ಇದ ನಡೀಬೇಕು."

ಕೋರ್ಟಿಗೆ ಯಾರೂ ಹೋಗಲಿಲ್ಲ. ಉಮಾದೇವಿ ಒಳಗೆ ಹೋಗಿ ದುಡ್ಡು ತಂದುಕೊಟ್ಟಳು. ಮುಂದಿನ ವಾರವೇ ಅಲ್ಲಾಭಕ್ಷ್ ಕೆಲಸಕ್ಕೆ ಬಂದ. ಒಂದೊಂದು ಪಾವಟಿಗೆಗೂ ಇಟ್ಟಿಗೆ ಇಟ್ಟು, "ಕಾಲಿಟ್ಟು ನೋಡಕ್ಕ" ಎಂದು ಕರೆದ. ಆಕೆ ಹೂಂ ಎಂದ ಮೇಲೆಯೇ ಸಿಮೆಂಟು ಹಾಕಿದ.

ಕೆಲಸ ಮುಗಿದ ದಿನ ಉಮಾದೇವಿ ಬಾಗಿಲಿನವರೆಗೂ ಬಂದಳು. "ಮುಕ್ಕುಂದದಾಗ ನಮ್ಮ ತಂಗಿ ಗಂಗಾದೇವಿ ಮನಿ ಕಟ್ಟಿಸ್ಬೇಕು ಅಂತಾಳ. ನಿನ್ನ ಹೆಸರು ಹೇಳೀನಿ."

"ಆಕಿನೂ ನಿನ್ನಂಗ ಏನಕ್ಕ?"

"ನಾನರ ವಾಸಿ ಅಂತಾರ ಎಲ್ಲಾರು!"

ಅಲ್ಲಾಭಕ್ಷ್ ಗಟ್ಟಿಯಾಗಿ ನಗುತ್ತ ಬೈಕಿಗೆ ಕಿಕ್ ಹೊಡೆದ. ಮಸ್ಕಿಯ ಕಡೆ ತಿರುಗಿಸಬೇಕಾದ ಗಾಡಿಯನ್ನು ಮುಕ್ಕುಂದದ ದಾರಿಗೆ ತಿರುಗಿಸಿದ.