ವಿಮಾನದವರ ಲೋಟ

ಹೆಂಗಸು ಒಳಗೆ ಬರಲಿಲ್ಲ, ಬಸ್ಸನ್ನೂ ಹತ್ತಲಿಲ್ಲ. ಬೆಳಗಿನಿಂದ ಮೂರು ಬಸ್ಸು ಬಂದು ಹೋದರೂ ಹೋಟೆಲಿನ ಎದುರಿನ ಹುಣಸೆಮರದ ಬೇರಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಈಶ್ವರಯ್ಯನಿಗೆ ದೋಸೆ ಹುಯ್ಯುವ ಕೈ ಎರಡು ಸಲ ತಪ್ಪಿತು. ಹಿರೀಸಾವೆಯಲ್ಲಿ ಅವನ ಕಣ್ಣು ತಪ್ಪಿಸಿ ಇರುವೆಯೂ ಸಕ್ಕರೆ ಕದ್ದದ್ದಿಲ್ಲ. ಹಾಲು ತರುವವನ ಮುಖ ನೋಡಿಯೇ ಎಷ್ಟು ಪಾವು ನೀರು, ಯಾವ ಬಾವಿಯದು ಎಂದು ಹೇಳಬಲ್ಲವನು. ಆದರೆ ಇವಳನ್ನು ಯಾರು ಕಳಿಸಿದರೆಂಬುದು ಮಾತ್ರ ಬಗೆಹರಿಯಲಿಲ್ಲ.

ಅನುಮಾನಕ್ಕೆ ಕಾರಣವಿತ್ತು. ಹೋಟೆಲಿನ ಹೊರಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಮೂರು ಅಲ್ಯೂಮಿನಿಯಂ ಲೋಟ. ಕೇರಿಯವರು ಬಂದರೆ ಅವನ್ನು ತಾವೇ ತೆಗೆದುಕೊಂಡು, ಮೇಲಿನಿಂದ ಹುಯ್ದ ಕಾಫಿ ಕುಡಿದು, ತಾವೇ ತೊಳೆದು ಬೋರಲು ಹಾಕಬೇಕು. ಅದು ತಪ್ಪೆಂದು ಕಾಯ್ದೆ ಬಂದು ಹದಿನೇಳು ವರ್ಷವಾಗಿತ್ತು. ಅಮಲ್ದಾರರು ಬರುವ ಸುದ್ದಿ ಸಿಕ್ಕ ದಿನ ಲೋಟಗಳು ಹಿತ್ತಲ ಸೌದೆ ಸಂದಿಗೆ ಹೋಗಿ ಅವಿತುಕೊಳ್ಳುತ್ತಿದ್ದವು. ಇವಳು ಅವರ ಕಡೆಯವಳೇ ಆಗಿದ್ದರೆ?

ಒಳಗಿನ ಲೋಟದ ಕತೆ ಬೇರೆ. ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ, ದೇವರ ಪಟದ ಪಕ್ಕ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಲೋಟ. ಅದರ ಹೊಳಪಿಗೆ ರಸ್ತೆಯ ಲಾರಿ ಡ್ರೈವರುಗಳು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹೋದ ವರ್ಷ ಪಾಕಿಸ್ತಾನದ ಯುದ್ಧದಲ್ಲಿ ನೌಕಾಪಡೆಯ ಹಡಗಿನಿಂದ ವಿಮಾನ ಹಾರಿಸಿಕೊಂಡು ಹೋಗಿ, ಸಮುದ್ರದ ಮೇಲೆ ಕಾಣೆಯಾದ ಚಂದ್ರಶೇಖರಯ್ಯ ಚನ್ನರಾಯಪಟ್ಟಣ ತಾಲ್ಲೂಕಿನವನೆಂದು ಪತ್ರಿಕೆಯಲ್ಲಿ ಬಂದಿತ್ತು. ಹೆಸರು ಓದಿದ ಕೂಡಲೇ ಈಶ್ವರಯ್ಯ ಅವನನ್ನು ತನ್ನ ಜಾತಿಗೆ ಸೇರಿಸಿಕೊಂಡ. ಸಂಜೆಯೊಳಗೆ ತನ್ನ ಹೋಟೆಲಿಗೂ ಕರೆತಂದ. ಯುದ್ಧಕ್ಕೆ ನಾಲ್ಕು ದಿನ ಮುಂಚೆ ಇಲ್ಲೇ ಕೂತು, ಈ ಲೋಟದಲ್ಲೇ ಒಂದು ಕಾಫಿ ಕುಡಿದು ಹೋದರು ಎಂದ. ಸಂಕ್ರಾಂತಿಯ ಹೊತ್ತಿಗೆ ಒಂದು ಕಾಫಿ ಮೂರಾಯಿತು. ಯುಗಾದಿಗೆ ವಿಮಾನವೇ ಹೋಟೆಲಿನ ಮೇಲೆ ಬಂದು, ರೆಕ್ಕೆ ಬಗ್ಗಿಸಿ ನಮಸ್ಕಾರ ಮಾಡಿ ಹೋಯಿತು.

"ಅಯ್ನೋರೆ, ಇನ್ನೊಂದ್ ಕಿತ ಬಂದ್ರೆ ಇತ್ಲಲ್ಲೇ ಇಳಿಸ್ಬುಡಿ," ಎಂದು ದಿನದ ಗಿರಾಕಿ ಚನ್ನಪ್ಪ ಕಿಚಾಯಿಸುತ್ತಿದ್ದ. "ರೆಕ್ಕೆ ಮ್ಯಾಲೆ ನಮ್ ಉಳ್ಳಿಕಾಳು ಒಣಾಕಬೌದು."

ನಾಲ್ಕನೆಯ ಬಸ್ಸು ಹೋದ ಮೇಲೆ ಹೆಂಗಸು ಎದ್ದು ಬಂದಳು. ಹೊಸ್ತಿಲಿನಿಂದ ಆಚೆಯೇ, ಗೂಡಿನ ಪಕ್ಕ ನಿಂತಳು.

"ವಿಮಾನ್ದೋರು ಕಾಫಿ ಕುಡ್ದ ಓಟ್ಲು ಇದೇನ್ರಾ ಅಯ್ನೋರೆ?"

"ಇದೇ ಕಣಮ್ಮ. ಯಾವೂರು? ಯಾರ್ ಕಳ್ಸಿದ್ದು?"

"ಯಾರೂ ಕಳುಸ್ನಿಲ್ಲ. ಬಾಗೂರು. ನೀವು ಕಣ್ಣಾರ ನೋಡುದ್ರಾ ಅವುನ್ನ?"

"ನೋಡುದ್ರಾ ಅಂದ್ರೆ? ಆರೂವರೆ ಅಡಿ ಆಳು. ತಲೆ ಬಗ್ಗುಸ್ಕಂಡೇ ಒಳೀಕ್ ಬಂದ್ರು. ಆ ಕುರ್ಚೀಲೇ ಕೂತಿದ್ದು."

"ಒಳಗೇ ಬಂದ್ನಾ?"

"ಮತ್ತೆ ಅಂತೋರ್ನ ಬೀದೀಲಿ ಕೂರುಸ್ತೀನಾ?"

ಹೆಂಗಸಿನ ಹುಬ್ಬು ಗಂಟಿಕ್ಕಿತು. "ಆಮ್ಯಾಕೆ ಯಾವ ಕಡೀಕೋದ?"

"ವಾಪಸ್ ಬೆಂಗ್ಳೂರ್ ಕಡೀಗೆ. ಯುದ್ಧ ಅಲ್ವಾ, ಮಿಲ್ಟ್ರಿ ಜೀಪು ಬಂದು ಕರ್ಕಂಡೋಯ್ತು."

ಜೀಪು ಬಂದದ್ದು ಇವತ್ತೇ ಮೊದಲ ಸಲ. ಚನ್ನಪ್ಪ ದೋಸೆ ಬಿಟ್ಟು ತಲೆಯೆತ್ತಿದ.

"ಇಲ್ಲೀಗಂಟ ಬಂದೋನು ನನ್ ಮಕ ನೋಡ್ದಂಗೆ ಓದ್ನಾ?" ಹೆಂಗಸಿನ ದನಿ ಏರಲಿಲ್ಲ. "ನಾನು ಮಾದಮ್ಮ, ಅವುನ್ ಎತ್ತೋಳು. ಆಪೀಸರ್ ಆದ್ಮೇಲೆ ಕೇರಿಗ್ ಬರಕ್ಕೆ ನಾಚ್ಕೆಯಾಗಿ ಇರೀಸಾವೆಯಿಂದ್ಲೇ ತಿರುಕ್ಕಂಡ ಅಂತ ನಮ್ಮೋರೇ ಆಡ್ಕತಾವ್ರೆ. ಬಿಡ್ರೋ, ನನ್ ಮಗ ಅಂತೋನಲ್ಲ ಅಂತಿದ್ದೆ. ಆರ್ ತಿಂಗ್ಳು ಕೇಳಿ ಕೇಳಿ ನಂಗೂ ಅನ್ಮಾನ ಉಟ್ಬುಡ್ತು ಅಯ್ನೋರೆ. ಸತ್ತೋದ್ ಮಗನ್ ಮ್ಯಾಲೆ."

ಕೇರಿ ಎಂದದ್ದು ಕೇಳಿ ಒಳಗೆ ತಟ್ಟೆಗಳ ಸದ್ದು ನಿಂತಿತು. ಈಶ್ವರಯ್ಯನ ನಾಲಗೆಯ ತುದಿಯಲ್ಲಿ ಸದಾ ಸಾಲುಗಟ್ಟಿ ನಿಂತಿರುತ್ತಿದ್ದ ಹತ್ತು ಸಾವಿರ ಸುಳ್ಳುಗಳು ಗಂಟಲಲ್ಲೇ ಒಂದರ ಮೇಲೊಂದು ಬಿದ್ದವು.

ಮಾದಮ್ಮ ಗೂಡನ್ನು ನೋಡಿದಳು, ಆಮೇಲೆ ಅವನನ್ನು. "ಯಾವ್ ಲ್ವಾಟದಲ್ಲಿ ಕೊಟ್ರಿ?"

ಒಳಗಿನ ಲೋಟ ತೋರಿಸಿದರೆ ನಾಳೆಯಿಂದ ಗಿರಾಕಿಗಳು ಬೇರೆ ಹೋಟೆಲಿಗೆ ನಡೆಯುತ್ತಾರೆ. ಗೂಡಿನದನ್ನು ತೋರಿಸಿದರೆ ದೇಶಕ್ಕೆ ಪ್ರಾಣ ಕೊಟ್ಟವನನ್ನು ಬೀದಿಯಲ್ಲಿ ನಿಲ್ಲಿಸಿದವನಾಗುತ್ತಾನೆ. ಎರಡರಲ್ಲಿ ಯಾವುದನ್ನು ತೋರಿಸಿದರೂ ಇವಳ ಮಗ ಇಲ್ಲಿಯವರೆಗೆ ಬಂದು ಮನೆಗೆ ಹೋಗದವನೇ ಆಗುತ್ತಾನೆ.

"ಬಂದಿರ್ಲಿಲ್ಲ ಕಣವ್ವ," ಎಂದ ಈಶ್ವರಯ್ಯ.

"ಏನಂದ್ರಿ?"

"ನಿನ್ ಮಗ ಇಲ್ಲಿಗೆ ಬಂದೇ ಇರ್ಲಿಲ್ಲ. ಪೇಪರ್ನಲ್ಲಿ ಎಸ್ರು ಓದಿದ್ದು ಅಷ್ಟೇಯ. ಮಿಕ್ಕಿದ್ದೆಲ್ಲಾ ನಾನು ಕಟ್ಟಿದ್ದು."

"ಜೀಪೂ?" ಎಂದ ಚನ್ನಪ್ಪ.

"ಜೀಪೂ ಕಣಯ್ಯ."

ಯಾರೂ ನಗಲಿಲ್ಲ. ಮಾದಮ್ಮ ಅವನ ಮುಖವನ್ನು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನೋಡಿದಳು. "ನನ್ ಸಮಾಧಾನಕ್ಕೆ ಏಳ್ತಿಲ್ವಲ್ಲ?"

"ನಾನು ಅಷ್ಟೊಂದ್ ಒಳ್ಳೇವ್ನಲ್ಲ ಕಣವ್ವ."

ಅದನ್ನು ಮಾತ್ರ ಅವಳು ನಂಬಿದಂತೆ ಕಂಡಿತು. ಗೋಡೆಗೆ ಕೈಯಾನಿಸಿ ಉಸಿರು ಬಿಟ್ಟಳು. "ಅಂಗಾರೆ ಬರ್ನಿಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಬಂದಿದ್ರೆ ಮನೀಗ್ ಬತ್ತಿದ್ದ."

ಈಶ್ವರಯ್ಯ ಹಲಗೆಯಿಂದ ಹಿತ್ತಾಳೆ ಲೋಟ ಇಳಿಸಿದ. ಕಾಫಿ ತುಂಬಿದ. ಚನ್ನಪ್ಪ ನೋಡುತ್ತಿದ್ದಂತೆ ಹೊಸ್ತಿಲು ದಾಟಿ ಅವಳ ಕೈಗೇ ಕೊಟ್ಟ. ಮಾದಮ್ಮ ತಕ್ಷಣ ಕುಡಿಯಲಿಲ್ಲ. ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ನಿಂತೇ ಕುಡಿದಳು.

ಕುಡಿದಾದ ಮೇಲೆ ಹೊರಗಿನ ಹರವಿಯಿಂದ ನೀರು ಬಗ್ಗಿಸಿ ಲೋಟ ತೊಳೆದಳು. ಈಶ್ವರಯ್ಯ ಕೈ ಚಾಚಿದ. ಅವಳು ಆ ಕೈಯನ್ನು ನೋಡಿದಳು, ಒಳಗೆ ಖಾಲಿಯಾಗಿದ್ದ ಹಲಗೆಯನ್ನು ನೋಡಿದಳು. ಆಮೇಲೆ ಲೋಟವನ್ನು ಗೂಡಿನಲ್ಲಿ, ಮೂರು ಅಲ್ಯೂಮಿನಿಯಂ ಲೋಟಗಳ ಪಕ್ಕದಲ್ಲಿ ಬೋರಲು ಹಾಕಿದಳು.

ಐದನೆಯ ಬಸ್ಸು ಅವಳನ್ನು ಹತ್ತಿಸಿಕೊಂಡು ಚನ್ನರಾಯಪಟ್ಟಣದ ಕಡೆ ಹೋಯಿತು. ಒಳಗೆ ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ಈಶ್ವರಯ್ಯ ಗೂಡಿನ ಎದುರೇ ನಿಂತಿದ್ದ. ಹಿತ್ತಾಳೆ ಲೋಟದಿಂದ ಇಳಿದ ನೀರು ಗೋಡೆಯ ಸುಣ್ಣದ ಮೇಲೆ ಸಣ್ಣ ಗೆರೆಯಾಗಿ ಕೆಳಗೆ ಬರುತ್ತಿತ್ತು.